ನೀರಿಳಿದಾಗ ತೋರಿಸುವವರು

ಪುಸ್ತಕಕ್ಕೆ ವಿಮರ್ಶೆ ಇದೆ, ನಾಟಕಕ್ಕೆ ಇದೆ, ಸಿನಿಮಾಕ್ಕಂತೂ ಬೇಕಾದಷ್ಟಿದೆ. ಆದರೆ ಇಪ್ಪತ್ತು ಜನರನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ, 'ಇಲ್ಲಿ ನೋಡಿ, ಅಲ್ಲಿ ನೋಡಿ' ಎಂದು ತೋರಿಸಿ ತರುವ ಕೆಲಸಕ್ಕೆ ಯಾರೂ ವಿಮರ್ಶೆ ಬರೆದದ್ದನ್ನು ನಾನು ಕಂಡಿಲ್ಲ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ ಏಳು ಸಲ ಕೇಳಿಸಿಕೊಳ್ಳಿ ಎನ್ನುವ ಗೈಡಿನಿಂದ ಹಿಡಿದು, ಶಾಲೆಯ ಪ್ರವಾಸದಲ್ಲಿ ಸೀಟಿ ಊದುತ್ತ ಓಡುವ ಮಾಸ್ತರರವರೆಗೆ ಎಲ್ಲರೂ ನಮಗೆ ಏನನ್ನೋ ತೋರಿಸುತ್ತಲೇ ಬಂದಿದ್ದಾರೆ. ನಾವೂ ನೋಡುತ್ತ ಬಂದಿದ್ದೇವೆ. ಅವರು ಸರಿಯಾಗಿ ತೋರಿಸಿದರೇ ಎಂದು ಕೇಳಿಲ್ಲ. ತೋರಿಸುವುದೂ ಒಂದು ಕಲೆಯೇ ಆಗಿದ್ದರೆ ಅದರಲ್ಲಿ ಮೇಲು ಕೀಳು ಇರಲೇಬೇಕಲ್ಲ?

ಈ ಪ್ರಶ್ನೆ ನನಗೆ ಹುಟ್ಟಿದ್ದು ಮುಂಬಯಿಯಲ್ಲಿ, ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳ ಮೇಲೆ. ಸಮುದ್ರದ ನೀರು ಹಿಂದೆ ಸರಿದ ಹೊತ್ತಿನಲ್ಲಿ ಬಂಡೆಗಳ ಕುಳಿಯಲ್ಲಿ ನಿಂತ ನೀರನ್ನೂ ಅದರಲ್ಲಿ ಬದುಕುವ ಜೀವಗಳನ್ನೂ ತೋರಿಸುವ ಒಂದು ನಡಿಗೆಗೆ ನನ್ನ ತಂಗಿಯ ಮಗಳು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಆಲಮಟ್ಟಿಯ ಹಿನ್ನೀರಿನ ಮಗ್ಗುಲಲ್ಲಿ ಸಂಸಾರ ಮಾಡಿಕೊಂಡಿರುವವಳಿಗೆ ಸಮುದ್ರದ ಬಗ್ಗೆ ಬರೆಯಲು ಏನು ಅಧಿಕಾರ ಎಂದು ಓದುಗರು ಕೇಳಬಹುದು. ನೀರು ಏರುವುದು, ಇಳಿಯುವುದು, ಇಳಿದಾಗ ಕೆಳಗಿನದು ಕಾಣುವುದು ಇದಿಷ್ಟರಲ್ಲಿ ನಮಗೆ ತಕ್ಕಷ್ಟು ಅನುಭವವಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮುಂಬಯಿಯಲ್ಲಿ ಇಂಥ ನಡಿಗೆಗಳಿಗೆ ದಾರಿ ಹಾಕಿಕೊಟ್ಟವರು 'ಮರೈನ್ ಲೈಫ್ ಆಫ್ ಮುಂಬಯಿ' ಎಂಬ ಬಳಗದವರು, 2017ರಲ್ಲಿ. ಎರಡು ಕೋಟಿ ಜನರ ಕೊಳೆಯನ್ನೆಲ್ಲ ಹೊತ್ತ ಈ ಕಡಲಿನಲ್ಲಿ ಜೀವವೇ ಇಲ್ಲ ಎಂದುಕೊಂಡಿದ್ದವರಿಗೆ ಅವರು ಹಾಜಿ ಅಲಿಯ ಬಂಡೆಗಳಲ್ಲಿ ಹವಳವನ್ನೂ ಆಕ್ಟೋಪಸ್ಸನ್ನೂ ತೋರಿಸಿದರು. ಈಗ ಬೇರೆ ಬೇರೆಯವರೂ ಕರೆದೊಯ್ಯುತ್ತಾರೆ. ನಾವು ರೊಕ್ಕ ಕೊಟ್ಟು ಹೋದದ್ದು ಅಂಥ ಇನ್ನೊಂದು ಗುಂಪಿನೊಡನೆ. ಅದರ ಹೆಸರು ಇಲ್ಲಿ ಬೇಡ.

ಮೊದಲು ಗಡಿಯಾರದ ಮಾತು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ ಹುಣ್ಣಿಮೆಗಳ ಆಜುಬಾಜು ಸೂರ್ಯ ಚಂದ್ರರಿಬ್ಬರ ಸೆಳೆತವೂ ಒಂದೇ ಗೆರೆಯಲ್ಲಿ ಕೂಡಿ, ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಮಂಗಳೂರಿನಲ್ಲಿ ಈ ಏರಿಳಿತದ ಅಂತರ ಒಂದೂವರೆ ಮೀಟರಿನಷ್ಟು, ಕಾರವಾರದಲ್ಲಿ ಎರಡರಷ್ಟು. ಮುಂಬಯಿಯಲ್ಲಿ ನಾಲ್ಕನ್ನೂ ದಾಟುತ್ತದೆ. ಆದ್ದರಿಂದಲೇ ಅಲ್ಲಿ ಒಂದು ಹೊಲದಷ್ಟು ಬಂಡೆ ಎರಡು ತಾಸು ಬಯಲಾಗಿ ಮತ್ತೆ ಮುಚ್ಚಿಹೋಗುತ್ತದೆ. ನಾವು ಹೋದದ್ದು ಎಳ್ಳಮಾವಾಸ್ಯೆಯ ಮರುದಿನ ಸಂಜೆ. ನಮ್ಮ ಕಡೆ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡಬು ಉಂಡು ಹೊಲದಿಂದ ಮನೆಗೆ ಬರುವ ತಿಥಿಯನ್ನು ಗೊತ್ತು ಮಾಡುವ ಚಂದ್ರನೇ ಇಲ್ಲಿ ಬಂಡೆಯ ಬಾಗಿಲನ್ನೂ ತೆರೆಯುತ್ತಾನೆ ಎಂಬುದು ನನಗೆ ಗೊತ್ತಿರಲಿಲ್ಲ. ಅಮಾವಾಸ್ಯೆಗೆ ಊರು ಬಿಡಬಾರದು ಎನ್ನುವ ನಮ್ಮವರು ಇದನ್ನು ಕೇಳಿದರೆ ಏನನ್ನುತ್ತಿದ್ದರೋ!

ಕರೆದೊಯ್ದ ಹುಡುಗಿಗೆ ಇಪ್ಪತ್ತೈದರ ಪ್ರಾಯವಿರಬಹುದು. ಮೊದಲೇ ನಿಯಮ ಹೇಳಿದಳು. ಯಾವುದನ್ನೂ ಕೈಗೆತ್ತಿಕೊಳ್ಳಬಾರದು. ಕಲ್ಲನ್ನು ಮಗುಚಿ ನೋಡಿದರೆ ಹೇಗಿತ್ತೋ ಹಾಗೆಯೇ ಮತ್ತೆ ಇಡಬೇಕು, ಯಾಕೆಂದರೆ ಕಲ್ಲಿನ ಕೆಳಮೈಗೆ ಅಂಟಿಕೊಂಡ ಜೀವಗಳು ಬಿಸಿಲು ಕಂಡರೆ ಒಣಗಿ ಸಾಯುತ್ತವೆ. ಸೀಟಿ ಕೇಳಿದ ಕೂಡಲೇ ದಂಡೆಗೆ ಬರಬೇಕು. ಇದೆಲ್ಲ ಒಳ್ಳೆಯದೇ. ಈ ಬಂಡೆಗಳ ಮೇಲೆ ಫೋಟೋ ತೆಗೆಸಿಕೊಳ್ಳುತ್ತ ತೆರೆಗೆ ಸಿಕ್ಕು ಹೋದವರ ಸುದ್ದಿಯನ್ನು ನಾವೂ ಓದಿದ್ದೇವೆ.

ಆದರೆ ಮುಂದಿನ ಅರ್ಧ ತಾಸು ಆಕೆ ಮಾಡಿದ್ದು ಹಾಜರಿ ಕರೆದ ಹಾಗೆ. ಒಂದು ಕುಳಿಯ ಮುಂದೆ ನಿಂತು ನಾಲ್ಕು ಹೆಸರು, ಮತ್ತೊಂದರ ಮುಂದೆ ಐದು ಹೆಸರು. ಎಲ್ಲವೂ ಇಂಗ್ಲಿಷು, ಇಲ್ಲವೆ ಲ್ಯಾಟಿನ್. ಬಂದವರು ಹೆಸರು ಕೇಳಿ, ಮೊಬೈಲಿನಲ್ಲಿ ಚಿತ್ರ ಹಿಡಿದು, ಮುಂದಿನ ಕುಳಿಗೆ ನಡೆದರು. ನೀರಿನೊಳಗೆ ಏನು ನಡೆಯುತ್ತಿದೆ ಎಂದು ಬಗ್ಗಿ ನೋಡಿದವರು ಒಬ್ಬರೋ ಇಬ್ಬರೋ. ಈ ಬಂಡೆಯ ಕುಳಿಗೆ ಮರಾಠಿಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ. ಟೈಡ್ ಪೂಲ್ ಎಂದಳು. ಬದಾಮಿಯ ಗುಡ್ಡದ ಮೇಲೆ ಕಲ್ಲಿನ ತಗ್ಗಿನಲ್ಲಿ ಮಳೆನೀರು ನಿಂತರೆ ನಾವು ದೊಣೆ ಎನ್ನುತ್ತೇವೆ. ಇದೂ ದೊಣೆಯೇ, ಉಪ್ಪುನೀರಿನ ದೊಣೆ. ಕಲ್ಲೂ ನಮ್ಮದೇ ಬಳಗ. ಆರು ಕೋಟಿ ವರ್ಷಗಳಿಗೂ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಕಲ್ಲು ಇದು. ಅದೇ ಹಾಸು ಇಂಡಿ, ಸಿಂದಗಿಯ ಕಪ್ಪುಮಣ್ಣಿನ ಕೆಳಗೂ ಇದೆ, ಗೋಳಗುಮ್ಮಟದ ಗೋಡೆಯಲ್ಲೂ ಇದೆ. ನಾನು ನಿಂತದ್ದು ಪರಸ್ಥಳದಲ್ಲಿ ಎಂದು ಆ ಮೇಲೆ ನನಗೆ ಅನ್ನಿಸಲಿಲ್ಲ.

ಆಕೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾದದ್ದು ಆರನೆಯದೋ ಏಳನೆಯದೋ ದೊಣೆಯಲ್ಲಿ. ಪರಾತದಷ್ಟು ಅಗಲ, ಮೊಣಕೈಯಷ್ಟು ಆಳ. ಅಲ್ಲಿ ಆಕೆ ಹೆಸರು ಹೇಳಲಿಲ್ಲ. 'ಹತ್ತು ನಿಮಿಷ ಯಾರೂ ಮಾತಾಡಬೇಡಿ, ನೆರಳೂ ಬೀಳಿಸಬೇಡಿ' ಎಂದು ಹೇಳಿ ತಾನೂ ಕುಳಿತಳು. ಮೊದಲ ಎರಡು ನಿಮಿಷ ಅದು ಬರೀ ನೀರು. ಆಮೇಲೆ ಅಂಚಿನ ಒಂದು ಶಂಖ ನಡೆಯಿತು. ಶಂಖ ನಡೆಯುವ ರೀತಿಯಲ್ಲಲ್ಲ, ತಡವರಿಸುತ್ತ, ದಡಬಡ ಎಂದು. ಅದು ಖಾಲಿ ಶಂಖವನ್ನು ಮನೆ ಮಾಡಿಕೊಂಡ ಸನ್ಯಾಸಿ ಏಡಿ. ತಳದಲ್ಲಿ ಹಸಿರು ಗುಂಡಿಗಳನ್ನು ಒತ್ತೊತ್ತಾಗಿ ಹೊಲಿದ ಹಾಗಿದ್ದದ್ದು ಒಂದೊಂದಾಗಿ ಅರಳಿತು. ಜೊವಾಂಥಿಡ್ ಎಂಬ ಈ ಜೀವಗಳು ಹವಳದ ಸಂಬಂಧಿಗಳು. ನೀರಿಲ್ಲದ ಬಂಡೆಯ ಮೇಲೆ ಇವೇ ತೋಯ್ದ ತೊಗಲಿನಂತೆ ಮುದುಡಿ ಬಿದ್ದಿರುತ್ತವೆ, ಅದರ ಮೇಲೆ ನಾವು ಬೂಟುಗಾಲಿನಲ್ಲಿ ನಡೆದು ಬಂದಿದ್ದೆವು. ಬಂಡೆಗೆ ಸುಣ್ಣದ ಚುಕ್ಕೆಯಂತೆ ಅಂಟಿದ್ದ ಬಾರ್ನಕಲ್‌ಗಳು ನೀರಿನಲ್ಲಿದ್ದಷ್ಟು ಬಾಗಿಲು ತೆರೆದು, ಗರಿಯಂಥ ಕಾಲು ಹೊರಚಾಚಿ ಬೀಸಿ ಬೀಸಿ ಒಳಗೆಳೆದುಕೊಳ್ಳುತ್ತಿದ್ದವು. ಗೇಣಗಲದಲ್ಲಿ ಬಾಯಿಗೂ ಅನ್ನಕ್ಕೂ ಎಷ್ಟು ಓಡಾಟ! ನನ್ನ ಪಕ್ಕದಲ್ಲಿದ್ದ, ಅಲ್ಲಿಯವರೆಗೆ ಒಂದೇ ಸಮನೆ ಫೋನಿನಲ್ಲಿದ್ದ ಹೆಂಗಸು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಆ ಹತ್ತು ನಿಮಿಷಕ್ಕೆ ನಾನು ಕೊಟ್ಟ ರೊಕ್ಕ ಸಂದಿತು. ಉಳಿದ ಒಂದೂವರೆ ತಾಸನ್ನೂ ಹೀಗೆ ಎರಡೋ ಮೂರೋ ದೊಣೆಗಳ ಮುಂದೆ ಕೂರಿಸಿದ್ದರೆ ಈ ನಡಿಗೆ ಹತ್ತು ಪಟ್ಟು ದೊಡ್ಡದಾಗುತ್ತಿತ್ತು. ಆಕೆಗೆ ಅದು ಗೊತ್ತು, ಗೊತ್ತಿದ್ದೂ ಪಟ್ಟಿ ಮುಗಿಸುವ ಅವಸರ. ಬಂದವರು 'ಎಷ್ಟು ತೋರಿಸಿದಿರಿ' ಎಂದು ಲೆಕ್ಕ ಕೇಳುತ್ತಾರೆಂಬ ಭಯವಿರಬೇಕು. ಮದುವೆ ಊಟದಲ್ಲಿ ಬಗೆ ಎಣಿಸುವ ನಮ್ಮಂಥವರದೂ ಇದರಲ್ಲಿ ಪಾಲಿದೆ.

ಇನ್ನು ಉಡುಪಿನ ವಿಷಯ. ಪ್ಯಾಂಟು, ಹಿಡಿತವಿರುವ ಬೂಟು ಕಡ್ಡಾಯ ಎಂದು ಮೊದಲೇ ತಿಳಿಸಿದ್ದರು. ಬೂಟು ಸರಿ, ಪಾಚಿಯ ಮೇಲೆ ಚಪ್ಪಲಿ ನಿಲ್ಲದು. ಪ್ಯಾಂಟು ಯಾಕೆ? ಇದು ಹೊಸ ಜಗಳವೂ ಅಲ್ಲ. ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಗ್ಯಾಟಿ ಎಂಬ ಪಾದ್ರಿಯ ಹೆಂಡತಿ ಇದ್ದಳು, ಮಕ್ಕಳ ಕಥೆ ಬರೆಯುತ್ತಿದ್ದವಳು. ಕಾಯಿಲೆಯಿಂದ ಚೇತರಿಸಿಕೊಳ್ಳಲು 1848ರಲ್ಲಿ ಹೇಸ್ಟಿಂಗ್ಸ್ ಎಂಬ ಕಡಲೂರಿಗೆ ಹೋದವಳು ಅಲ್ಲಿಯ ಕಡಲಪಾಚಿಗೆ ಮನಸೋತು, 1863ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದಳು. ಅದರ ಆರಂಭದಲ್ಲಿ ಹೆಂಗಸರಿಗೆಂದೇ ಸಲಹೆಗಳಿವೆ. ಲಂಗ ಕಾಲಹರಡಿನ ಕೆಳಗೆ ಇಳಿಯಕೂಡದು, ಗಂಡುಹುಡುಗರ ಬೇಟೆಯ ಬೂಟು ಹಾಕಿಕೊಳ್ಳಿ, ಕಾಲು ತೋಯುತ್ತದೆಂಬ ಅಂಜಿಕೆ ಬಿಡಿ, ಆದರೆ ಜೊತೆಗೆ ಒಬ್ಬ ಗಂಡಸಿದ್ದರೆ ಒಳ್ಳೆಯದು. ಆ ಕಡೆಯ ಮಾತು ಓದಿ ನಗು ಬಂತು. ಬೂಟಿನ ಮಾತು ಓದಿ ಆಕೆಯ ಮೇಲೆ ಗೌರವ ಬಂತು. ನೀರಿಗೆ ಇಳಿಯಬೇಡ, ಬಗ್ಗಬೇಡ, ಸೆರಗು ತೋಯುತ್ತದೆ, ನಾಲ್ಕು ಮಂದಿ ನೋಡುತ್ತಾರೆ ಎಂದು ಕೇಳುತ್ತ ಬೆಳೆದವರಿಗೆ, ಕಾಲು ತೋಯಿಸಿಕೊಳ್ಳಿ ಎಂದು ಒಬ್ಬ ಹೆಂಗಸು ಅಚ್ಚಿನಲ್ಲಿ ಹೇಳುವುದು ಸಣ್ಣ ವಿಷಯವಲ್ಲ.

ಆದರೆ ನಮ್ಮ ಪ್ರಶ್ನೆಗೆ ಉತ್ತರ ಆ ಬಂಡೆಯ ಮೇಲೆಯೇ ಕುಳಿತಿತ್ತು. ನಮ್ಮಿಂದ ಇಪ್ಪತ್ತು ಮಾರು ಆಚೆ ಮೀನುಗಾರ ಕೋಲಿ ಸಮಾಜದ ಒಬ್ಬ ಹಿರಿಯಳು ಕಚ್ಚೆ ಹಾಕಿದ ಸೀರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮೊನೆಯುಳ್ಳ ಒಂದು ಕಬ್ಬಿಣದಿಂದ ಬಂಡೆಗೆ ಹತ್ತಿದ ಸಿಂಪಿಗಳ ಮೇಲ್ಚಿಪ್ಪು ಒಡೆದು ಒಳಗಿನ ತಿರುಳನ್ನು ಡಬ್ಬಿಗೆ ತುಂಬುತ್ತಿದ್ದಳು. ನಮ್ಮಜ್ಜಿ ಇಳಕಲ್ ಸೀರೆಯನ್ನು ಹೀಗೆಯೇ ಕಚ್ಚೆ ಹಾಕಿ ಉಡುತ್ತಿದ್ದಳು. ಕಳೆ ತೆಗೆಯಲು, ಹೊಳೆ ದಾಟಲು, ಗಿಡ ಹತ್ತಲು ಅದಕ್ಕಿಂತ ಅನುಕೂಲದ ಉಡುಪಿಲ್ಲ. 'ಅವರು ಕಾಲವ ಆರಿಸುತ್ತಾರೆ, ಅವರನ್ನು ಬಿಡಿ, ಮುಂದೆ ಬನ್ನಿ' ಎಂದಳು ನಮ್ಮ ಹುಡುಗಿ. ದನಿಯಲ್ಲಿ ತುಸು ಮುನಿಸೂ ಇತ್ತು. ಕೈಯಲ್ಲಿ ಮುಟ್ಟಬಾರದೆಂದು ನಮಗೆ ಪಾಠ ಹೇಳುವಾಗ ಇನ್ನೊಬ್ಬಳು ಒಡೆದು ತುಂಬಿಕೊಳ್ಳುತ್ತಿದ್ದರೆ ಕಸಿವಿಸಿಯಾಗುವುದು ಸಹಜ.

ಆ ಸಂಜೆಯ ದೊಡ್ಡ ಕೊರತೆ ಇದೇ ಎಂದು ನನ್ನ ತೀರ್ಮಾನ. ನನ್ನ ತಂಗಿಯ ಮಗಳು ಸುಮ್ಮನಿರದೆ ಆಕೆಯ ಹತ್ತಿರ ಹೋಗಿ ಕುಳಿತಳು, ನಾನೂ ಹೋದೆ. ವಿಜಯಪುರ ಜಿಲ್ಲೆಯವರಿಗೆ ಅಷ್ಟಿಷ್ಟು ಮರಾಠಿ ಬರದೆ ಇರುತ್ತದೆಯೆ? ಆ ಹಿರಿಯಳು ಕೈ ನಿಲ್ಲಿಸದೆ ಮಾತಾಡಿದಳು. ಎಲ್ಲವನ್ನೂ ಒಡೆಯುವುದಿಲ್ಲ, ಸಣ್ಣವನ್ನು ಬಿಡಬೇಕು. ಈ ಕಲ್ಲು ಈ ಸಲ, ಆ ಕಲ್ಲು ಮುಂದಿನ ಹುಣ್ಣಿಮೆಗೆ. ಒಂದು ಬಿರುಕನ್ನು ಮೊನೆಯಿಂದ ತೋರಿಸಿ, ಇದರಲ್ಲಿ ಆಕ್ಟೋಪಸ್ ಇರುತ್ತದೆ, ಹೊರಗೆ ಬಿದ್ದ ಏಡಿಯ ಚಿಪ್ಪು ನೋಡಿ ಎಂದಳು. ಆಕೆ ಅದನ್ನು ಎಳೆದು ತೋರಿಸಲಿಲ್ಲ, ನಾವೂ ಕೇಳಲಿಲ್ಲ. ಮಾತಿನ ನಡುವೆ ತಟ್ಟನೆ ಡಬ್ಬಿ ಮುಚ್ಚಿ ಎದ್ದು ನಿಂತಳು. 'ಭರತಿ' ಎಂದಳು. ನೀರಿನಲ್ಲಿ ನನಗೇನೂ ಕಾಣಲಿಲ್ಲ. ನಮ್ಮ ಹುಡುಗಿಯ ಸೀಟಿ ಕೇಳಿದ್ದು ಅದಾದ ಮೇಲೆ. ಆ ಹುಡುಗಿಗಿಂತ ಈಕೆ ದೊಡ್ಡ ಜ್ಞಾನಿ ಎಂದು ನಾನು ಹೇಳಹೊರಟಿಲ್ಲ. ಜೊವಾಂಥಿಡ್ ಜೀವವೆಂದು ತಿಳಿಯದೆ ಈಕೆಯೂ ಅದರ ಮೇಲೆಯೇ ನಡೆದುಹೋದಳು. ಆದರೆ ಬಂಡೆಯನ್ನು ತೋರಿಸುವೆನೆಂದು ಹೊರಟವರು ಬಂಡೆಯನ್ನು ಬಲ್ಲವಳನ್ನು ಬದಿಗಿಟ್ಟು ಹೋದರೆ ಆ ತೋರಿಕೆ ಅರ್ಧದ್ದು.

ತೋರಿಸುವುದರಿಂದಲೇ ಕೆಡುವುದೂ ಉಂಟು. ಫಿಲಿಪ್ ಹೆನ್ರಿ ಗಾಸ್ ಎಂಬಾತ 1854ರಲ್ಲಿ ಅಕ್ವೇರಿಯಂ ಬಗ್ಗೆ ಪುಸ್ತಕ ಬರೆದ, ಕಡಲ ದಂಡೆಗೆ ಜನರನ್ನು ತಾನೇ ಕರೆದೊಯ್ದು ತೋರಿಸಿದ. ಅದು ಹುಚ್ಚಾಗಿ ಹಬ್ಬಿ, ಊರೂರಿನವರು ಬುಟ್ಟಿ ಉಳಿ ಹಿಡಿದು ಬಂದು ಇಂಗ್ಲೆಂಡಿನ ದೊಣೆಗಳನ್ನು ಬರಿದು ಮಾಡಿದರು. ಮಗ ಎಡ್ಮಂಡ್ 1907ರಲ್ಲಿ ಬರೆದ ಆತ್ಮಕಥನದಲ್ಲಿ ಆ ಹಾಳಾದ ದಂಡೆಗಾಗಿ ಮರುಗಿದ್ದಾನೆ. ನಾವು ಆ ಸಂಜೆ ಇಪ್ಪತ್ತೆರಡು ಜನ, ನಲವತ್ತನಾಲ್ಕು ಕಾಲು. ಎಂಟು ಜನ ಸಾಕಾಗಿತ್ತು.

ದಂಡೆಗೆ ಬಂದ ಮೇಲೆ ಚಹ ಕುಡಿಯುತ್ತ ಯಾರೋ ಹವಳದ ಮಾತೆತ್ತಿದರು. ಮುಂಬಯಿಯ ಕರಾವಳಿ ರಸ್ತೆಯ ಕೆಲಸ 2018ರಲ್ಲಿ ಶುರುವಾಯಿತು. ಹಾಜಿ ಅಲಿ, ವರಳಿಯ ಕಡೆ ಇಳಿತದಲ್ಲಿ ತೆರೆದುಕೊಳ್ಳುತ್ತಿದ್ದ ಬಂಡೆಗಳ ಮೇಲೆ ಕಲ್ಲುಮಣ್ಣು ತುಂಬಿ ನೆಲ ಮಾಡಿದರು. 2024ರ ಮಾರ್ಚಿನಲ್ಲಿ ಅದರ ಮೊದಲ ಭಾಗದ ಮೇಲೆ ಮೋಟಾರುಗಳು ಓಡಿದವು. ಹವಳ ಕಾಯಿದೆಯ ರಕ್ಷಣೆಯಲ್ಲಿರುವ ಜೀವವಾದ್ದರಿಂದ ಅದನ್ನು ಹಾಗೆಯೇ ಹೂಳುವಂತಿರಲಿಲ್ಲ. 2020ರಲ್ಲಿ 18 ಹವಳದ ಸಮೂಹಗಳನ್ನು ಬಂಡೆಯಿಂದ ಬಿಡಿಸಿ ಬೇರೆಡೆ ಅಂಟಿಸಿದರು. ನಮ್ಮ ಹುಡುಗಿ ಇದಕ್ಕೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ತಂಗಿಯ ಮಗಳು ನನ್ನ ಕಿವಿಯಲ್ಲಿ, 'ದೊಡ್ಡವ್ವಾ, ಪುನರ್ವಸತಿ' ಎಂದಳು.

ಆ ಶಬ್ದ ನಮ್ಮದು. ಅದನ್ನು ನಾವು ಜೋಳದ ರೊಟ್ಟಿಯ ಹಾಗೆ ದಿನಾ ಬಳಸಿದವರು. ನನ್ನ ತವರೂರು ಆಲಮಟ್ಟಿಯ ಹಿನ್ನೀರಿನೊಳಗಿದೆ. ಈಗ ನನ್ನ ಅಣ್ಣಂದಿರು ಇರುವ ಊರಿಗೆ ಹಳೆಯ ಊರಿನದೇ ಹೆಸರು, ಮುಂದೆ ಪುನರ್ವಸತಿ ಕೇಂದ್ರ ಎಂಬ ಬಾಲ. ಆಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ 1964ರ ಮೇ 22ರಂದು ಅಡಿಗಲ್ಲಿಟ್ಟರು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ನಡುವಿನ 42 ವರ್ಷಗಳಲ್ಲಿ ನೀರು ಇಷ್ಟಿಷ್ಟೇ ಏರಿ 519.60 ಮೀಟರಿಗೆ ನಿಂತಿತು, ಬಾಗಲಕೋಟೆಯ ಅರ್ಧ ಊರು ನವನಗರಕ್ಕೆ ಹೋಯಿತು. ಅದರಿಂದ ನಮ್ಮ ಬಯಲಿಗೆ ನೀರು ಬಂತು, ಬೆಳಕು ಬಂತು, ಅದನ್ನು ಅಲ್ಲಗಳೆಯುವವಳು ನಾನಲ್ಲ.

ನನ್ನ ತಕರಾರು ತೋರಿಸುವ ಬಗೆಗೆ. ಆಲಮಟ್ಟಿಗೆ ಬಂದವರಿಗೆ ನಾವು ಏನು ತೋರಿಸುತ್ತೇವೆ? 26 ಗೇಟುಗಳಿಂದ ನೀರು ಧುಮುಕುವುದನ್ನು ತೋರಿಸುತ್ತೇವೆ. ಮೊಘಲ್ ಉದ್ಯಾನ, ಸಂಗೀತ ಕಾರಂಜಿ, ರಾಕ್ ಗಾರ್ಡನ್ನಿನಲ್ಲಿ ಬಣ್ಣ ಬಳಿದ ಪ್ರಾಣಿ ಪಕ್ಷಿ. ಮಕ್ಕಳಿಗೆ ಖುಷಿಯಾಗುತ್ತದೆ, ನಾವೂ ಬೀಗರನ್ನು ಕರೆದುಕೊಂಡು ಹೋಗಿ ಐಸ್ಕ್ರೀಮು ತಿನ್ನಿಸಿ ಬರುತ್ತೇವೆ. ಎಲ್ಲವೂ ತುಂಬಿದ ನೀರಿನ ತೋರಿಕೆ. ಬೇಸಿಗೆಯಲ್ಲಿ ನೀರು ಇಳಿದು ಹಿನ್ನೀರಿನ ಸೆರಗು ಮೈಲುಗಟ್ಟಲೆ ಸರಿದಾಗ ಅಲ್ಲಿಗೆ ಹೋಗುವವರು ರಾಜಹಂಸಗಳ ಫೋಟೋ ತೆಗೆಯುವವರು, ಕುರಿ ಮೇಯಿಸುವವರು, ಮತ್ತೆ ನಮ್ಮಂಥ ನಾಲ್ಕು ಮಂದಿ.

ನನಗೆ ಒಮ್ಮೆ ನಮ್ಮ ಚಿಗವ್ವ ಅದನ್ನು ತೋರಿಸಿದ್ದಾಳೆ, ಮೇ ತಿಂಗಳ ಒಂದು ಬೆಳಿಗ್ಗೆ. ಬಾಂದ್ರಾದ ಹುಡುಗಿಯನ್ನು ಅಳೆದ ಕೋಲಿನಿಂದಲೇ ಚಿಗವ್ವನನ್ನೂ ಅಳೆಯಬೇಕಲ್ಲ? ಆಕೆ ಒಂದು ಗಳಿಗೆಯೂ ಬಾಯಿ ಮುಚ್ಚಲಿಲ್ಲ. ಯಾರ ಮನೆ, ಯಾರ ಓಣಿ, ಯಾರಿಗೆ ಪರಿಹಾರ ಎಷ್ಟು ಬಂತು, ಯಾರು ಅದನ್ನು ಕುಡಿದು ಕಳೆದರು ಎಂದು ಇಡೀ ದಾರಿ ಹಾಜರಿ ಕರೆದಳು. ನಡುನಡುವೆ ಹೊಂದದ ಸಂಗತಿಗಳೂ ಇದ್ದವು. ಒಂದೇ ಕಟ್ಟೆಯನ್ನು ಎರಡು ಮನೆತನಕ್ಕೆ ಕೊಟ್ಟಳು. ಆದರೆ ನಮ್ಮ ಮನೆಯಿದ್ದಲ್ಲಿಗೆ ಬಂದಾಗ ಸುಮ್ಮನಾದಳು. ಗೋಡೆಗಳಿಲ್ಲ, ಕಂಬಗಳನ್ನು ಹಿಂದೆಯೇ ಕಿತ್ತು ಒಯ್ದಿದ್ದೆವು. ಹೊಸ್ತಿಲ ಕಲ್ಲೊಂದು ಉಳಿದಿತ್ತು, ಅದರ ಎರಡೂ ಪಕ್ಕ ಬಯಲು. ನಾನು ಬಯಲಿನಿಂದಲೇ ಒಳಗೆ ಕಾಲಿಟ್ಟೆ. ಚಿಗವ್ವ ಸುತ್ತು ಹಾಕಿ ಬಂದು, ಸೀರೆ ತುಸು ಎತ್ತಿ, ಹೊಸ್ತಿಲು ದಾಟಿಯೇ ಒಳಗೆ ಬಂದಳು. ಒಲೆಯಿದ್ದ ಮೂಲೆಯಲ್ಲಿ ಹದಗೊಂಡ ಕೆಸರು, ಅದರಲ್ಲಿ ಅರ್ಧ ಹೂತ ಹೊಳೆಯ ಸಿಂಪಿಗಳು, ಕೆಲವು ಇನ್ನೂ ಬಾಯಿ ಬಿಗಿಹಿಡಿದು ಜೀವದಿಂದಿದ್ದವು. ಚಿಗವ್ವ ನೋಡಿದಳು, ಮುಟ್ಟಲಿಲ್ಲ. 'ಇರ್ಲಿ ಬಿಡ, ಈಗ ಅವು ಬಾಳೇ ಮಾಡಾಕತ್ತಾವು' ಎಂದಳು.

ಇಂಥ ನಡಿಗೆಯನ್ನು ಆಲಮಟ್ಟಿಯಲ್ಲಿ ಯಾಕೆ ಮಾಡಬಾರದು? ಕಾರಂಜಿಯಷ್ಟು ಖರ್ಚಿಲ್ಲ. ಎಂಟು ಜನ, ಚಿಗವ್ವನಂಥ ಒಬ್ಬಾಕೆ, ಹಕ್ಕಿ ಮತ್ತು ಸಿಂಪಿಯ ಹೆಸರು ಬಲ್ಲ ಒಬ್ಬ ಹುಡುಗಿ ಇದ್ದರೆ ಸಾಕು. ಮನಸ್ಸಿದ್ದವರು ತಡ ಮಾಡುವಂತಿಲ್ಲ. 2010ರ ಡಿಸೆಂಬರಿನಲ್ಲಿ ಕೃಷ್ಣಾ ಎರಡನೆಯ ನ್ಯಾಯಮಂಡಳಿ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿದೆ. ನೀರು ಅಲ್ಲಿಗೆ ಏರಿದರೆ ಹೊಸ ಹೊಸ್ತಿಲುಗಳು ಮುಳುಗುತ್ತವೆ, ಹಳೆಯವು ಬೇಸಿಗೆಯಲ್ಲೂ ಕಾಣುತ್ತವೆಯೋ ಇಲ್ಲವೋ.

ತಂಗಿಯ ಮಗಳು ಬರುತ್ತೇನೆ ಎಂದಿದ್ದಾಳೆ. ಯಾವ ತಾರೀಖಿಗೆ ನೀರು ಇಳಿಯುತ್ತದೆ ದೊಡ್ಡವ್ವಾ ಎಂದು ಕೇಳಿದಳು. ನಿಮ್ಮ ಸಮುದ್ರದ ಹಾಗೆ ಪಂಚಾಂಗ ನೋಡಿ ಹೇಳಲಿಕ್ಕಾಗುವುದಿಲ್ಲ, ಕಾಲುವೆಗೆ ಎಷ್ಟು ಬಿಟ್ಟರು ಎಂಬುದರ ಮೇಲಿದೆ, ಮಾರ್ಚ್ ಮುಗಿದ ಮೇಲೆ ಫೋನು ಮಾಡು ಎಂದಿದ್ದೇನೆ. ಹಳೆಯ ಬೂಟು ತರಲಿ. ಅಲ್ಲಿಯ ಕೆಸರು ಮೊಣಕಾಲವರೆಗೆ ಹಿಡಿಯುತ್ತದೆ.